ಕರಿಯನ ಹೆಣ ಯಾರ ಲೆಕ್ಕಕ್ಕೆ?

ಕಳೆದ ಬೇಸಿಗೆಯಲ್ಲಿ ಒಂದು ಅಧ್ಯಯನ ಶಿಬಿರದಲ್ಲಿ ಚೆಸ್ಟರ್ ಹೈಮ್ಸ್ ಎಂಬ ಕಪ್ಪು ಲೇಖಕನ ಪತ್ತೇದಾರಿ ಕಾದಂಬರಿಗಳ ಬಗ್ಗೆ ಮಾತಾಡಿದೆ. ಮಾತು ಮುಗಿಯೋ ಹೊತ್ತಿಗೆ ಇಬ್ಬರು ಎದ್ದು ನಿಂತರು. ಒಬ್ಬರು ಕಾಲೇಜಿನ ಮೇಷ್ಟ್ರು. ‘ಅಲ್ರೀ, ಕಪ್ಪು ಸಾಹಿತ್ಯ ಅಂದ್ರೆ ರಿಚರ್ಡ್ ರೈಟ್ ಇದ್ದಾನೆ, ಬಾಲ್ಡ್‌ವಿನ್ ಇದ್ದಾನೆ. ಅವರನ್ನ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಮಾರೋ ಸರಕನ್ನ ಈ ಹುಡುಗರ ತಲೆಗೆ ಯಾಕೆ ತುಂಬ್ತೀರಿ?’ ಅಂದರು. ಇನ್ನೊಬ್ಬ ನಮ್ಮವನೇ, ಎರಡು ಸಲ ಲಾಠಿ ಏಟು ತಿಂದವನು. ಅವನದು ಇನ್ನೂ ಖಾರ. ‘ಪೊಲೀಸರನ್ನ ಹೀರೋ ಮಾಡಿದ ಪುಸ್ತಕ ನಮಗ್ಯಾಕಣ್ಣ? ಕರಿಯ ಪೊಲೀಸಾದರೇನು, ಬಿಳಿಯ ಪೊಲೀಸಾದರೇನು, ಲಾಠಿಗೆ ಬಣ್ಣ ಇರ್ತದಾ?’

ಮೇಷ್ಟ್ರಿಗೆ ಅವತ್ತೇ ಒಂದಿಷ್ಟು ಉತ್ತರ ಕೊಟ್ಟೆ. ಗೆಳೆಯನ ಪ್ರಶ್ನೆಗೆ ಮಾತ್ರ ತಡವರಿಸಿದೆ. ಆ ತಡವರಿಕೆಯ ಬಾಕಿ ತೀರಿಸೋಕೆ ಇದನ್ನ ಬರೀತಿದ್ದೇನೆ.

ಮೇಷ್ಟ್ರ ಮಾತಿನಲ್ಲಿ ಹೊಸದೇನೂ ಇಲ್ಲ. ಸಾಹಿತ್ಯಕ್ಕೂ ಒಂದು ಅಡುಗೆಮನೆ ಇದೆ. ಅದರೊಳಕ್ಕೆ ಯಾರು ಬರಬೇಕು, ಯಾರು ಹಿತ್ತಲಲ್ಲೇ ನಿಲ್ಲಬೇಕು ಅಂತ ತೀರ್ಮಾನ ಮಾಡೋರು ಯಾವಾಗಲೂ ಇದ್ದಾರೆ. ಬೇಜಾರಿನ ಸಂಗತಿ ಅಂದರೆ ಈ ಮಡಿ ಮೇಲಿನವರಿಗೆ ಮಾತ್ರ ಅಂಟಿದ ರೋಗ ಅಲ್ಲ. 1928ರಲ್ಲಿ ಕ್ಲಾಡ್ ಮೆಕೇ ಎಂಬ ಕಪ್ಪು ಕವಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಕೂಲಿಗಳನ್ನು, ಕುಡುಕರನ್ನು, ರೈಲಿನ ಅಡುಗೆಯಾಳುಗಳನ್ನು ಇಟ್ಟುಕೊಂಡು ‘ಹೋಮ್ ಟು ಹಾರ್ಲೆಮ್’ ಕಾದಂಬರಿ ಬರೆದ. ಆಗ ಡಬ್ಲ್ಯೂ.ಇ.ಬಿ. ಡುಬಾಯ್ಸರಂಥ ದೊಡ್ಡ ಮನುಷ್ಯರೇ ಅದರ ಕೊಳಕು ಭಾಗಗಳನ್ನು ಓದಿ ಸ್ನಾನ ಮಾಡಬೇಕು ಅನ್ನಿಸಿತು ಎಂಬರ್ಥದ ವಿಮರ್ಶೆ ಬರೆದರು. 1946ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಪತ್ರ ಬರೆದದ್ದು ಇದೇ ಡುಬಾಯ್ಸರಿಗೆ. ನಿಮ್ಮ ಜನ ವಿಶ್ವಸಂಸ್ಥೆಗೆ ಸಲ್ಲಿಸಿರೋ ಅಹವಾಲಿನ ಪ್ರತಿ ಕಳಿಸಿಕೊಡಿ ಅಂತ ಕೇಳಿದ್ದು ಇದೇ ಡುಬಾಯ್ಸರನ್ನ. ಅವರ ಬಗ್ಗೆ ನನಗಿರೋ ಗೌರವ ಕೂದಲಷ್ಟೂ ಕಡಿಮೆಯಾಗೋದಿಲ್ಲ. ಆದರೂ ಹೇಳಬೇಕಾದ್ದು ಹೇಳಬೇಕು. ತುಳಿಸಿಕೊಂಡ ಜನದೊಳಗೆ ನಾಲ್ಕಕ್ಷರ ಕಲಿತವರಿಗೆ ಮೊದಲು ಬರೋ ಕಾಯಿಲೆ ಅಂದರೆ ತಮ್ಮ ಕೇರಿಯ ಕೆಸರು ಕಂಡು ಪಂಚೆ ಎತ್ತಿ ಹಿಡಿಯೋದು.

ಸರಿ, ಪತ್ತೇದಾರಿ ಕಾದಂಬರಿ ಅಂದರೇನು? ಒಂದು ಹೆಣ ಬೀಳ್ತದೆ. ಕೊಂದವರು ಯಾರು ಅಂತ ಒಬ್ಬ ಹುಡುಕ್ತಾನೆ. ಕೊಲೆಗಾರ ಸಿಕ್ಕಿಬೀಳ್ತಾನೆ, ಊರು ಮತ್ತೆ ನೆಮ್ಮದಿಯಾಗಿ ಮಲಗ್ತದೆ. ಇಂಗ್ಲೆಂಡಿನ ಬಂಗಲೆಯ ಕಥೆಯಾಗಲಿ, ನಮ್ಮ ಹಳೆ ಬಾಡಿಗೆ ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗೋವರೆಗೆ ಓದಿಸಿಕೊಂಡ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಯಾಗಲಿ, ಅಡಿಪಾಯದಲ್ಲಿರೋದು ಒಂದೇ ನಂಬಿಕೆ. ಸತ್ತವನ ಜೀವಕ್ಕೆ ಬೆಲೆ ಇತ್ತು, ಆ ಸಾವಿಗೆ ಯಾರಾದರೂ ಲೆಕ್ಕ ಕೊಡಲೇಬೇಕು, ಲೆಕ್ಕ ಸಿಕ್ಕಿದ ಮೇಲೆ ಎಲ್ಲ ಸರಿಹೋಗ್ತದೆ ಅನ್ನೋ ನಂಬಿಕೆ.

ಈ ನಂಬಿಕೆ ಯಾರ ಪಾಲಿಗೆ ನಿಜ?

ಅಮೆರಿಕದಲ್ಲಿ 1920ರ ದಶಕದಲ್ಲಿ ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಕಾಗದದ ಪತ್ರಿಕೆಯಿಂದ ಒಂದು ಹೊಸ ಬಗೆ ಹುಟ್ಟಿತು. ಅದನ್ನ ಹಾರ್ಡ್‌ಬಾಯ್ಲ್ಡ್ ಅಂತ ಕರೀತಾರೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಥರ. ಬಂಗಲೆ ಬಿಟ್ಟು ಕಥೆ ಬೀದಿಗೆ ಬಂತು. ಪೊಲೀಸು ಲಂಚಕೋರ, ಸಾಹುಕಾರ ಕಳ್ಳ, ನಗರಸಭೆಯೇ ದರೋಡೆಕೋರರ ಜೇಬಿನಲ್ಲಿದೆ ಅಂತ ಡ್ಯಾಶಿಯಲ್ ಹ್ಯಾಮೆಟ್, ರೇಮಂಡ್ ಚಾಂಡ್ಲರ್ ಬರೆದರು. ದೊಡ್ಡ ಕೆಲಸವೇ, ಇಲ್ಲ ಅನ್ನೋಲ್ಲ. ಆದರೆ 1940ರಲ್ಲಿ ಬಂದ ಚಾಂಡ್ಲರನ ‘ಫೇರ್‌ವೆಲ್, ಮೈ ಲವ್ಲಿ’ ತೆಗೆದು ನೋಡಿ. ಲಾಸ್ ಏಂಜಲೀಸಿನ ಸೆಂಟ್ರಲ್ ಅವೆನ್ಯೂ, ಕಪ್ಪು ಜನರ ಬೀದಿ. ಎಂಟು ವರ್ಷ ಜೈಲಿನಲ್ಲಿದ್ದು ಬಂದ ದೈತ್ಯನಂಥ ಬಿಳಿಯನೊಬ್ಬ ತನ್ನ ಹಳೇ ಹುಡುಗಿಯನ್ನ ಹುಡುಕಿಕೊಂಡು ಒಂದು ಬಾರಿಗೆ ನುಗ್ತಾನೆ. ಒಂದು ಕಾಲಕ್ಕೆ ಬಿಳಿಯರದಾಗಿದ್ದ ಆ ಬಾರು ಈಗ ಕರಿಯರದಾಗಿದೆ. ಒಳಕೋಣೆಯಲ್ಲಿದ್ದ ಕಪ್ಪು ಯಜಮಾನನನ್ನ ಕೊಂದು ಆರಾಮಾಗಿ ಹೊರಗೆ ಹೋಗ್ತಾನೆ. ಕೇಸು ಒಬ್ಬ ಸೋತು ಸುಣ್ಣವಾದ ಪೊಲೀಸಿನವನ ಪಾಲಿಗೆ ಬೀಳ್ತದೆ. ಸತ್ತವನು ಕರಿಯ, ಇಂಥ ಕೇಸಿನಿಂದ ಪೇಪರಿನಲ್ಲಿ ಹೆಸರೂ ಬರೋದಿಲ್ಲ ಅಂತ ಅವನ ಗೊಣಗಾಟ. ಆಮೇಲೆ ಕಥೆ ಬಿಳಿಯ ಹೆಂಗಸಿನ ಹಿಂದೆ, ಕಳುವಾದ ಜೇಡ್ ಹಾರದ ಹಿಂದೆ ಹೋಗ್ತದೆ. ಇಡೀ ಪುಸ್ತಕದ ಮೊದಲ ಹೆಣ ಅದು. ಆ ಹೆಣಕ್ಕೆ ಹೆಂಡತಿ ಇದ್ದಳಾ, ಮಕ್ಕಳಿದ್ದವಾ, ಯಾರು ಅತ್ತರು, ಒಂದು ಸಾಲಿಲ್ಲ. ಪೊಲೀಸಿನವನ ತಾತ್ಸಾರವನ್ನ ಚಾಂಡ್ಲರ್ ಮುಚ್ಚಿಡಲಿಲ್ಲ, ಬರೆದ. ಅಷ್ಟು ಪ್ರಾಮಾಣಿಕತೆ ಅವನಿಗಿತ್ತು. ಆದರೆ ಅವನ ಕಥೆಯೂ ಅದೇ ತಾತ್ಸಾರದಿಂದ ಆ ಹೆಣವನ್ನ ದಾಟಿಕೊಂಡು ಹೋಯಿತು.

ಆ ಹೆಣದ ಹತ್ತಿರ ಕೂತು ಕಥೆ ಹೇಳಿದವನು ಹೈಮ್ಸ್. ಅವನು ಯಾರು ಅಂತ ಸ್ವಲ್ಪ ತಿಳಿದುಕೊಳ್ಳಿ.

1909ರಲ್ಲಿ ಮಿಸೂರಿ ರಾಜ್ಯದಲ್ಲಿ ಹುಟ್ಟಿದ. ಅಪ್ಪ ಕಪ್ಪು ಜನರ ಕಾಲೇಜುಗಳಲ್ಲಿ ಕಮ್ಮಾರಿಕೆ, ಗಾಡಿ ಕೆಲಸ ಕಲಿಸುತ್ತಿದ್ದ ಮೇಷ್ಟ್ರು. ಹುಡುಗನಾಗಿದ್ದಾಗ ಅರ್ಕನ್ಸಾದ ಪೈನ್ ಬ್ಲಫ್ ಎಂಬ ಊರಿನಲ್ಲಿ, ಶಾಲೆಯ ರಸಾಯನಶಾಸ್ತ್ರದ ಪ್ರಯೋಗ ತೋರಿಸ್ತಿದ್ದ ಅವನ ಅಣ್ಣ ಜೋಸೆಫನ ಮುಖಕ್ಕೆ ಮದ್ದು ಸಿಡಿಯಿತು. ಇಬ್ಬರೂ ಸೇರಿ ಮಾಡಬೇಕಿದ್ದ ಪ್ರಯೋಗ ಅದು. ಚೆಸ್ಟರ್ ತುಂಟತನ ಮಾಡಿದ ಅಂತ ಅವ್ವ ಅವನನ್ನ ವೇದಿಕೆ ಹತ್ತಗೊಟ್ಟಿರಲಿಲ್ಲ. ಕಣ್ಣು ಸುಟ್ಟ ಹುಡುಗನನ್ನ ಎತ್ತಿಕೊಂಡು ಹೋದರೆ ಬಿಳಿಯರ ಆಸ್ಪತ್ರೆಯವರು ಒಳಗೆ ಸೇರಿಸಲಿಲ್ಲ. ಜೋಸೆಫನ ದೃಷ್ಟಿ ಹೋಯಿತು. ಆ ಕುರುಡ ಹುಡುಗ ಮುಂದೆ ಹಟ ಹಿಡಿದು ಓದಿ ಸಮಾಜಶಾಸ್ತ್ರದ ಪ್ರೊಫೆಸರ್ ಆದ. ಕಣ್ಣಿದ್ದ ತಮ್ಮ ಜೈಲಿಗೆ ಹೋದ.

1928ರಲ್ಲಿ ಒಂದು ಶ್ರೀಮಂತರ ಮನೆಗೆ ಪಿಸ್ತೂಲು ಹಿಡಿದು ನುಗ್ಗಿ ದರೋಡೆ ಮಾಡಿ ಸಿಕ್ಕಿಬಿದ್ದ. ಹತ್ತೊಂಬತ್ತು ವರ್ಷದ ಹುಡುಗನಿಗೆ ಇಪ್ಪತ್ತರಿಂದ ಇಪ್ಪತ್ತೈದು ವರ್ಷ ಕಠಿಣ ಸಜೆ. ಒಹಾಯೋ ಜೈಲಿನಲ್ಲಿ ಅವನಿದ್ದಾಗಲೇ, 1930ರ ಏಪ್ರಿಲ್ 21ರಂದು ಬೆಂಕಿ ಬಿತ್ತು. ಬೀಗ ತೆಗೀರಿ ತೆಗೀರಿ ಅಂತ ಕೈದಿಗಳು ಕೂಗ್ತಿದ್ದರೂ ಹೊತ್ತಿಗೆ ಸರಿಯಾಗಿ ಬೀಗ ತೆಗೆಯಲಿಲ್ಲ. 322 ಜನ ಹೊಗೆಯಲ್ಲಿ, ಬೆಂಕಿಯಲ್ಲಿ ಸತ್ತರು. ಅದನ್ನೇ ಕಥೆ ಮಾಡಿ ಬರೆದ. 1934ರಲ್ಲಿ ‘ಎಸ್ಕ್ವೈರ್’ ಪತ್ರಿಕೆ ಅವನ ಕಥೆಗಳನ್ನ ಛಾಪಿಸಿದಾಗ ಹೆಸರಿನ ಜಾಗದಲ್ಲಿ ಕೈದಿಯ ನಂಬರು ಬಂತು, 59623. ಏಳೂವರೆ ವರ್ಷ ಕಳೆದು 1936ರಲ್ಲಿ ಪೆರೋಲಿನ ಮೇಲೆ ಹೊರಗೆ ಬಂದ. ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸಿನ ಹಡಗುಕಟ್ಟೆಗಳಲ್ಲಿ ದುಡಿದ. ಆ ಅನುಭವದಿಂದ 1945ರಲ್ಲಿ ‘ಇಫ್ ಹೀ ಹಾಲರ್ಸ್ ಲೆಟ್ ಹಿಮ್ ಗೋ’ ಬರೆದ. ಮೇಷ್ಟ್ರು ಕೇಳೋ ‘ಗಂಭೀರ’ ಕಾದಂಬರಿ ಅಂದರೆ ಅದೇ, ಓದಿ. ಅದರ ಮುಂದಿನ ಕಾದಂಬರಿಯನ್ನ ಬಲದವರು ಎಡದವರು ಇಬ್ಬರೂ ಸೇರಿ ಕಲ್ಲು ಹೊಡೆದರು. 1953ರಲ್ಲಿ ದೇಶ ಬಿಟ್ಟು ಪ್ಯಾರಿಸ್ಸಿಗೆ ಹೋದ.

ಪ್ಯಾರಿಸ್ಸಿನಲ್ಲಿ ಜೇಬು ಖಾಲಿ. ಮಾರ್ಸೆಲ್ ದ್ಯುಆಮೆಲ್ ಎಂಬ ಸಂಪಾದಕ ‘ಸೆರಿ ನ್ವಾರ್’ ಅಂದರೆ ಕಪ್ಪು ಮಾಲೆ ಎಂಬ ಹೆಸರಿನಲ್ಲಿ ಪತ್ತೇದಾರಿ ಪುಸ್ತಕಗಳನ್ನ ಹೊರತರುತ್ತಿದ್ದ. ನೀನೂ ಒಂದು ಬರಿ ಅಂತ ಮುಂಗಡ ಕೊಟ್ಟ. ಮನಸ್ಸಿನೊಳಗಿನ ಗೊಂದಲ ಬೇಡ, ಯಾರು ಏನು ಮಾಡಿದರು ಅಷ್ಟು ಬರಿ ಅಂದ. ದುಡ್ಡಿಗಾಗಿ ಬರೆದ, ಹೌದು. ಇದನ್ನೇ ಹಿಡಿದುಕೊಂಡು ವಿಮರ್ಶಕರು ಹತ್ತಾರು ವರ್ಷ ಅವನನ್ನ ಹೀಯಾಳಿಸಿದರು. ಹೊಟ್ಟೆಗೆ ಬರೆದವನು ಕಲಾವಿದ ಅಲ್ಲ ಅನ್ನೋದು ಹೊಟ್ಟೆ ತುಂಬಿದವರ ಸೌಂದರ್ಯಮೀಮಾಂಸೆ. 1957ರಲ್ಲಿ ಬಂದ ಮೊದಲ ಪುಸ್ತಕಕ್ಕೆ 1958ರಲ್ಲಿ ಫ್ರಾನ್ಸಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನ ಬಂತು. ಅಮೆರಿಕದಲ್ಲಿ ಅದು ಅಗ್ಗದ ರಟ್ಟಿನ ಪುಸ್ತಕವಾಗಿ ಬಂದು ಹೋಯಿತು. ಈಗ ಅದನ್ನ ‘ಎ ರೇಜ್ ಇನ್ ಹಾರ್ಲೆಮ್’ ಎಂಬ ಹೆಸರಿನಲ್ಲಿ ಓದ್ತಾರೆ. ಮುಂದಿನ ಹಲವು ಪುಸ್ತಕಗಳು ಮೊದಲು ಫ್ರೆಂಚಿನಲ್ಲೇ ಅಚ್ಚಾದವು. ಕೇರಿಯ ಕಥೆಯನ್ನ ಕೇಳೋಕೆ ಸ್ವಂತ ಊರು ತಯಾರಿರಲಿಲ್ಲ.

ಈಗ ಕೇರಿಯ ವಿಷಯ. ಹಾರ್ಲೆಮ್ ಆಕಾಶದಿಂದ ಉದುರಿದ್ದಲ್ಲ. ಅದನ್ನ ಕಟ್ಟಿದ್ದು ಬಿಳಿಯ ಮಧ್ಯಮವರ್ಗಕ್ಕಾಗಿ. ಅಗತ್ಯಕ್ಕಿಂತ ಹೆಚ್ಚು ಮನೆ ಕಟ್ಟಿ 1904-05ರ ಸುಮಾರಿಗೆ ಧಂದೆ ಕುಸಿದು ಮನೆಗಳು ಖಾಲಿ ಬಿದ್ದವು. ಆಗ ಫಿಲಿಪ್ ಪೇಟನ್ ಎಂಬ ಕಪ್ಪು ವ್ಯಾಪಾರಿ ಖಾಲಿ ಮನೆಗಳಿಗೆ ಕಪ್ಪು ಬಾಡಿಗೆದಾರರನ್ನ ತಂದ. ಬಿಳಿಯ ಮಾಲೀಕರು ಬೀದಿ ಬೀದಿಯವರೂ ಕೂಡಿ, ಕರಿಯರಿಗೆ ಮನೆ ಕೊಡೋದಿಲ್ಲ ಅಂತ ಕರಾರು ಪತ್ರಕ್ಕೆ ಸಹಿ ಹಾಕಿದರು. ನಿಲ್ಲಿಸೋಕಾಗದೆ ಇದ್ದಾಗ ತಾವೇ ಜಾಗ ಖಾಲಿ ಮಾಡಿ ಹೋದರು. ಆದರೆ ಕಟ್ಟಡ, ಅಂಗಡಿಗಳ ಒಡೆತನ ಹೆಚ್ಚಿನಂಶ ಬಿಡಲಿಲ್ಲ. 125ನೇ ಬೀದಿಯ ದೊಡ್ಡ ಅಂಗಡಿಗಳು ಕಪ್ಪು ಜನರ ದುಡ್ಡು ತಗೊಳ್ತಿದ್ದವು, ಕಪ್ಪು ಹುಡುಗಿಯರನ್ನ ಗಲ್ಲೆಯ ಹಿಂದೆ ನಿಲ್ಲಿಸ್ತಿರಲಿಲ್ಲ. ಕೆಲಸ ಕೊಡದ ಕಡೆ ವ್ಯಾಪಾರ ಮಾಡಬೇಡಿ ಅಂತ 1930ರ ದಶಕದಲ್ಲಿ ಅಲ್ಲಿ ಚಳವಳಿಯೇ ನಡೀತು.

1935ರ ಮಾರ್ಚ್ 19ರಂದು ಅದೇ ಬೀದಿಯ ಒಂದು ಅಂಗಡಿಯಲ್ಲಿ ಒಂದು ಚೂರಿ ಕದ್ದ ಅಂತ ಹುಡುಗನೊಬ್ಬನನ್ನ ಹಿಡಿದರು. ಹುಡುಗನನ್ನ ಕೊಂದರು ಅಂತ ಸುದ್ದಿ ಹಬ್ಬಿತು. ಕೊಂದಿರಲಿಲ್ಲ, ಆದರೆ ಜನ ನಂಬಿದರು. ಯಾಕೆ ನಂಬಿದರು ಅಂತ ನೀವೇ ಯೋಚನೆ ಮಾಡಿ. ಹಾರ್ಲೆಮ್ ಹೊತ್ತಿ ಉರೀತು. ಮೇಯರ್ ಲಾ ಗಾರ್ಡಿಯಾ ಆಯೋಗ ನೇಮಿಸಿದ. ಕಪ್ಪು ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ ಅದರ ಅಧ್ಯಯನ ನಡೆಸಿದ. ಕೆಲಸ ಇಲ್ಲ, ಮನೆ ಇಲ್ಲ, ಪೊಲೀಸರ ದೌರ್ಜನ್ಯ ಅಂತ ವರದಿ ಸ್ಪಷ್ಟವಾಗಿ ಬರೀತು. ಮೇಯರ್ ಅದನ್ನ ಹೊರಗೆ ಬಿಡಲಿಲ್ಲ. 1936ರಲ್ಲಿ ‘ಆಮ್‌ಸ್ಟರ್‌ಡಾಮ್ ನ್ಯೂಸ್’ ಎಂಬ ಕಪ್ಪು ಪತ್ರಿಕೆಯೇ ಅದನ್ನ ಅಚ್ಚು ಮಾಡಬೇಕಾಯಿತು. ಈ ವರದಿಯ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಇನ್ನು ಕಪ್ಪು ಪೊಲೀಸು. 1911ರಲ್ಲಿ ಸ್ಯಾಮ್ಯುಯೆಲ್ ಬ್ಯಾಟಲ್ ಎಂಬುವನು ನ್ಯೂಯಾರ್ಕ್ ಪೊಲೀಸ್ ಇಲಾಖೆ ಸೇರಿದ. ಠಾಣೆಯಲ್ಲಿ ಬಿಳಿಯ ಪೊಲೀಸರು ಅವನ ಜೊತೆ ಮಾತೇ ಆಡಲಿಲ್ಲ. ಪಾಳಿಯ ನಡುವೆ ಮಲಗೋ ಕೋಣೆಯಲ್ಲಿ ಅವನಿಗೆ ಹಾಸಿಗೆ ಕೊಡಲಿಲ್ಲ. ಧ್ವಜ ಇಡೋ ಅಟ್ಟದ ಕೋಣೆಯಲ್ಲಿ ಒಬ್ಬನೇ ಮಲಗಿದ. ದೇಶದ ಬಾವುಟದ ಪಕ್ಕದಲ್ಲಿ ಮಲಗೋದಕ್ಕೆ ಅಡ್ಡಿಯಿಲ್ಲ, ಮನುಷ್ಯರ ಪಕ್ಕದಲ್ಲಿ ಮಾತ್ರ ಬೇಡ! ದಕ್ಷಿಣಕ್ಕೆ ಹೋದರೆ ಇನ್ನೂ ಚೆನ್ನ. 1948ರಲ್ಲಿ ಅಟ್ಲಾಂಟಾ ನಗರ ಎಂಟು ಜನ ಕಪ್ಪು ಪೊಲೀಸರನ್ನ ನೇಮಿಸಿಕೊಂಡಿತು. ಸಮವಸ್ತ್ರ ಕೊಟ್ಟಿತು, ಬಂದೂಕು ಕೊಟ್ಟಿತು. ಬಿಳಿಯರನ್ನ ಬಂಧಿಸೋ ಅಧಿಕಾರ ಕೊಡಲಿಲ್ಲ. ಪೊಲೀಸ್ ಕಚೇರಿಯಲ್ಲಿ ಬಟ್ಟೆ ಬದಲಾಯಿಸೋಕೂ ಬಿಡಲಿಲ್ಲ. ವೈ.ಎಂ.ಸಿ.ಎ. ಕಟ್ಟಡದ ನೆಲಮಾಳಿಗೆಯೇ ಅವರ ಠಾಣೆ ಆಯ್ತು. ಕೇರಿಗೊಬ್ಬ ಕಾವಲುಗಾರ ಬೇಕು, ಅವನ ಬಂದೂಕಿನ ಮೂತಿ ಕೇರಿಯ ಕಡೆಗೇ ಇರಬೇಕು. ಇಷ್ಟೇ ಕಥೆ.

ಹೈಮ್ಸ್ ಹುಟ್ಟಿಸಿದ ಇಬ್ಬರು ಪತ್ತೇದಾರರನ್ನ ಈ ಹಿನ್ನೆಲೆಯಲ್ಲಿ ನೋಡಬೇಕು. ಹಾರ್ಲೆಮ್ಮಿನಲ್ಲಿ ಪತ್ತೇದಾರಿ ಬರೆದವರಲ್ಲಿ ಅವನೇ ಮೊದಲಿಗನಲ್ಲ. ರುಡಾಲ್ಫ್ ಫಿಶರ್ ಎಂಬ ಕಪ್ಪು ವೈದ್ಯ 1932ರಲ್ಲೇ ‘ದ ಕಾಂಜರ್-ಮ್ಯಾನ್ ಡೈಸ್’ ಬರೆದಿದ್ದ. ಅದೊಂದು ಜಾಣ ಪುಸ್ತಕ, ಸಭ್ಯ ಪುಸ್ತಕ. ಹೈಮ್ಸನ ಇಬ್ಬರು ಸಭ್ಯರಲ್ಲ. ಒಬ್ಬ ಗ್ರೇವ್ ಡಿಗರ್ ಜೋನ್ಸ್, ಇನ್ನೊಬ್ಬ ಕಾಫಿನ್ ಎಡ್ ಜಾನ್ಸನ್. ಗುಂಡಿ ತೋಡೋ ಜೋನ್ಸ್, ಹೆಣದ ಪೆಟ್ಟಿಗೆ ಎಡ್ ಅಂತ ಜನ ಇಟ್ಟ ಹೆಸರು. (ಊರಿನ ಹೆಣಗಳಿಗೆಲ್ಲ ಬಿಟ್ಟಿಯಾಗಿ ಗುಂಡಿ ತೋಡಿದ ಮನೆತನದಿಂದ ಬಂದ ನನಗೆ ಈ ಹೆಸರು ಮೊದಲು ಓದಿದಾಗ ಮೈ ಝುಂ ಅಂತು. ಅಲ್ಲಿ ಅದು ಭಯದ ಹೆಸರು, ಇಲ್ಲಿ ಬೈಗುಳ.) ಉದ್ದ ನಳಿಗೆಯ .38 ರಿವಾಲ್ವರು, ಮೇಲಧಿಕಾರಿ ಆಂಡರ್ಸನ್ ಎಂಬ ಬಿಳಿಯ. ಇಬ್ಬರ ಮನೆಯೂ ಹಾರ್ಲೆಮ್ಮಿನಲ್ಲಿಲ್ಲ, ನದಿಯಾಚೆ ಕ್ವೀನ್ಸಿನಲ್ಲಿ. ಮಟ್ಕಾ ಥರದ ನಂಬರಿನ ಆಟದವರಿಂದ, ಸೂಳೆಗೇರಿಯವರಿಂದ ಮಾಮೂಲಿಯನ್ನೂ ತಗೊಳ್ತಾರೆ. ಬಡವರಿಗೆ ಟೋಪಿ ಹಾಕೋರನ್ನ ಕಂಡರೆ ಮಾತ್ರ ಹುಚ್ಚು ಕೋಪ.

ಮೊದಲ ಪುಸ್ತಕದಲ್ಲಿ ಜಾಕ್ಸನ್ ಎಂಬ ಬಡಪಾಯಿ ಇದ್ದಾನೆ. ಹೆಣ ಸಾಗಿಸೋ ಅಂಗಡಿಯಲ್ಲಿ ಆಳು, ದೈವಭಕ್ತ. ಹತ್ತು ಡಾಲರಿನ ನೋಟನ್ನ ಒಲೆಯಲ್ಲಿಟ್ಟು ನೂರು ಡಾಲರ್ ಮಾಡ್ತೀವಿ ಅನ್ನೋರನ್ನ ನಂಬಿ ಎಲ್ಲ ಕಳಕೊಳ್ತಾನೆ. ಅವನ ಅವಳಿ ತಮ್ಮ ಗೋಲ್ಡಿ ಸನ್ಯಾಸಿನಿಯ ವೇಷ ಹಾಕಿಕೊಂಡು ಬೀದಿಯಲ್ಲಿ ಸ್ವರ್ಗಕ್ಕೆ ಟಿಕೆಟ್ ಮಾರ್ತಾನೆ, ಸಂಜೆಗೆ ಪೊಲೀಸರಿಗೆ ಸುದ್ದಿ ಮಾರ್ತಾನೆ. ಎಲ್ಲರೂ ಹಿಂದೆ ಬಿದ್ದ ಪೆಟ್ಟಿಗೆಯೊಳಗಿನ ಚಿನ್ನದ ಅದಿರು ಬರೀ ಹೊಳೆಯೋ ಕಲ್ಲು. ಓದ್ತಾ ನಗು ಬರ್ತದೆ, ನಕ್ಕ ಮೇಲೆ ಗಂಟಲಿನಲ್ಲಿ ಏನೋ ಸಿಕ್ಕಿಕೊಳ್ತದೆ. ಎಲ್ಲ ಬಾಗಿಲೂ ಮುಚ್ಚಿರೋ ಕೇರಿಯಲ್ಲಿ ಜನ ಪವಾಡವನ್ನ ನಂಬದೆ ಇನ್ನೇನು ನಂಬಬೇಕು? ದುಡಿಮೆಯಿಂದ ಹತ್ತು ನೂರಾಗೋದಿಲ್ಲ ಅಂತ ಜಾಕ್ಸನ್‌ಗೆ ಗೊತ್ತು. ಒಲೆಯಿಂದ ಆದರೂ ಆಗಬಹುದಲ್ಲ ಅಂತ ಒಂದು ಆಸೆ.

‘ಕಾಟನ್ ಕಮ್ಸ್ ಟು ಹಾರ್ಲೆಮ್’ ಇನ್ನೂ ಹರಿತ. ಫ್ರೆಂಚಿನಲ್ಲಿ 1964ರಲ್ಲಿ, ಅಮೆರಿಕದಲ್ಲಿ 1965ರಲ್ಲಿ ಬಂದದ್ದು. ಡೀಕ್ ಒಮ್ಯಾಲಿ ಎಂಬ ಪಾದ್ರಿ ವೇಷದ ಕಳ್ಳ ‘ಆಫ್ರಿಕಕ್ಕೆ ಮರಳೋಣ’ ಅಂತ ಚಳವಳಿ ಹೂಡ್ತಾನೆ. ಮಾರ್ಕಸ್ ಗಾರ್ವಿ 1919ರಲ್ಲಿ ಹಡಗು ಕಂಪನಿ ಕಟ್ಟಿ ಲಕ್ಷಾಂತರ ಕಪ್ಪು ಜನರಲ್ಲಿ ಹುಟ್ಟಿಸಿದ ಕನಸಿನ ನಕಲಿ ಅದು. ಎಂಬತ್ತೇಳು ಕುಟುಂಬಗಳು ಸಾವಿರ ಸಾವಿರ ಡಾಲರ್ ಕಟ್ಟುತ್ತವೆ. ಬಂದೂಕು ಹಿಡಿದ ಬಿಳಿಯರು ಬಂದು ಆ 87,000 ಡಾಲರ್ ಹೊಡೀತಾರೆ. ಹಣ ಒಂದು ಹತ್ತಿಯ ಅಂಡಿಗೆಯೊಳಗೆ ಸೇರಿಕೊಂಡು ಕಾಣೆಯಾಗ್ತದೆ. ಅದೇ ಹೊತ್ತಿಗೆ ದಕ್ಷಿಣದ ಜಮೀನ್ದಾರ ಕರ್ನಲ್ ಕಾಲ್ಹೂನ್ ಹಾರ್ಲೆಮ್ಮಿನ ಮಧ್ಯದಲ್ಲೇ ಕಚೇರಿ ತೆಗೆದು, ಬನ್ನಿ ಮಕ್ಕಳೇ, ಮತ್ತೆ ಹತ್ತಿ ಬಿಡಿಸೋಕೆ ಬನ್ನಿ, ಅಲ್ಲಿ ಸುಖವಾಗಿದ್ದಿರಿ ಅಂತ ಬೋರ್ಡು ಹಾಕ್ತಾನೆ. ಒಂದು ಕಡೆ ನಮ್ಮವನೇ ಮಾರೋ ಸುಳ್ಳು ಬಿಡುಗಡೆ, ಇನ್ನೊಂದು ಕಡೆ ಒಡೆಯ ತೋರಿಸೋ ಹಳೇ ಜೀತ. ಮಧ್ಯದಲ್ಲಿ ಎಂಬತ್ತೇಳು ಕುಟುಂಬ.

ಕೊನೆಗೇನಾಗ್ತದೆ? ಕೊಲೆಗಡುಕ ಕರ್ನಲ್ ಇಬ್ಬರ ಕೈಗೂ ಸಿಗ್ತಾನೆ. ಅವನು ದಕ್ಷಿಣಕ್ಕೆ ಹೋದರೆ ಕರಿಯನನ್ನ ಕೊಂದದ್ದಕ್ಕೆ ಅವನ ರಾಜ್ಯ ಅವನನ್ನ ಒಪ್ಪಿಸೋದಿಲ್ಲ. 87,000 ಡಾಲರ್ ಕಕ್ಕು, ಇಪ್ಪತ್ನಾಲ್ಕು ಗಂಟೆ ಕೊಡ್ತೀವಿ ಓಡಿಹೋಗು ಅಂತ ಇಬ್ಬರೂ ಚೌಕಾಶಿ ಮಾಡ್ತಾರೆ. ಹಣವನ್ನ ಆ ಕುಟುಂಬಗಳಿಗೆ ವಾಪಸ್ ಕೊಡಿಸ್ತಾರೆ. ಮೊದಲಿನ ಹಣವಾದರೋ, ಚಿಂದಿ ಆಯೋ ಮುದುಕ ಅಂಕಲ್ ಬಡ್‌ಗೆ ಸಿಕ್ಕಿ, ಅವನು ಅದರ ಸಮೇತ ಆಫ್ರಿಕಕ್ಕೆ ಹೋಗಿ ದನ ಕೊಂಡು ರಾಜನ ಥರ ಇದ್ದಾನೆ! ಎಲ್ಲರೂ ಕನಸು ಕಂಡದ್ದನ್ನ ಚಿಂದಿ ಆಯೋನು ಮಾಡಿದ.

ಗೆಳೆಯಾ, ನಿನ್ನ ಪ್ರಶ್ನೆಗೆ ಈಗ ಬಂದೆ. ಈ ಚೌಕಾಶಿಯನ್ನ ನೋಡು. ಕಪ್ಪು ಕಳ್ಳನಿಗೆ ಗುಂಡು, ಕಪ್ಪು ಹುಡುಗನಿಗೆ ಒದೆ, ಬಿಳಿಯ ಕೊಲೆಗಡುಕನಿಗೆ ರೈಲು ಹತ್ತೋಕೆ ಸಮಯ. ಇದನ್ನ ಹೈಮ್ಸ್ ಮರೆಮಾಚೋದಿಲ್ಲ. ಆ ಇಬ್ಬರ ಕೈಯಲ್ಲಿರೋ ರಿವಾಲ್ವರು ಎಷ್ಟು ದೂರ ಹಾರ್ತದೆ ಅಂತ ಪುಸ್ತಕದಿಂದ ಪುಸ್ತಕಕ್ಕೆ ಅಳೆದು ತೋರಿಸ್ತಾನೆ. ಅದು ಹಾರ್ಲೆಮ್ಮಿನ ಗಡಿ ದಾಟೋದಿಲ್ಲ. ಮನೆ ಮಾಲೀಕನಿಗೆ ತಾಗೋದಿಲ್ಲ, ಮಾದಕದ್ರವ್ಯದ ಸಗಟು ಸಾಹುಕಾರನಿಗೆ ತಾಗೋದಿಲ್ಲ. ‘ದ ರಿಯಲ್ ಕೂಲ್ ಕಿಲ್ಲರ್ಸ್’ನಲ್ಲಿ ಒಬ್ಬ ಬಿಳಿಯ ಹಾರ್ಲೆಮ್ಮಿನಲ್ಲಿ ಸತ್ತು ಬೀಳ್ತಾನೆ. ಚಾಂಡ್ಲರನ ಬಾರಿನ ಹೆಣಕ್ಕೆ ಒಬ್ಬ ಸೋತ ಪೊಲೀಸು ಬಂದಿದ್ದ. ಈ ಹೆಣಕ್ಕೆ ಇಡೀ ಪೊಲೀಸ್ ಪಡೆಯೇ ಬಂದು ಕೇರಿಯನ್ನ ಸುತ್ತುಗಟ್ತದೆ. ಆ ಸತ್ತವನು ಕಪ್ಪು ಹುಡುಗಿಯರನ್ನ ಚಾಟಿಯಿಂದ ಹೊಡೆದು ಸುಖಪಡ್ತಿದ್ದವನು ಅಂತ ಆಮೇಲೆ ಗೊತ್ತಾಗ್ತದೆ. ನಿಜವಾಗಿ ಗುಂಡು ಹಾರಿಸಿದ್ದು ಯಾರು ಅಂತ ಗ್ರೇವ್ ಡಿಗರ್‌ಗೆ ತಿಳೀತದೆ. ತಿಳಿದೂ ಫೈಲನ್ನ ಸತ್ತ ಹುಡುಗನೊಬ್ಬನ ಹೆಸರಿಗೆ ಮುಚ್ಚಗೊಡ್ತಾನೆ. ಪತ್ತೇದಾರನಿಗೆ ನ್ಯಾಯ ಮಾಡಬೇಕು ಅನ್ನಿಸಿದಾಗ ಸತ್ಯವನ್ನ ಅಡಗಿಸಬೇಕಾಯಿತು! ಷರ್ಲಾಕ್ ಹೋಮ್ಸ್ ಒಮ್ಮೊಮ್ಮೆ ದಯೆ ತೋರಿಸಿ ಹಾಗೆ ಮಾಡ್ತಾನೆ. ಇವನಿಗೆ ಬೇರೆ ದಾರಿಯೇ ಇರಲಿಲ್ಲ.

ಲಾಠಿಗೆ ಬಣ್ಣ ಇರ್ತದಾ ಅಂತ ಕೇಳಿದೆಯಲ್ಲ, ‘ರನ್ ಮ್ಯಾನ್ ರನ್’ ಓದು. ಅದರಲ್ಲಿ ಈ ಇಬ್ಬರೂ ಇಲ್ಲ. ಕುಡಿದ ಬಿಳಿಯ ಪತ್ತೇದಾರನೊಬ್ಬ ಬೆಳಗಿನ ಜಾವ ಒಂದು ಹೋಟೆಲಿನಲ್ಲಿ ಕೆಲಸದ ಇಬ್ಬರು ಕಪ್ಪು ಆಳುಗಳನ್ನ ಕೊಲ್ತಾನೆ. ಕಣ್ಣಾರೆ ಕಂಡ ಮೂರನೆಯವನ ಬೆನ್ನು ಹತ್ತುತ್ತಾನೆ. ಆ ಮೂರನೆಯವನು ಓದಿದ ಹುಡುಗ, ಹೇಳ್ತಾನೆ, ಕೂಗ್ತಾನೆ. ಅವನ ಮಾತನ್ನ ಅವನು ಪ್ರೀತಿಸಿದ ಹುಡುಗಿಯೂ ನಂಬೋದಿಲ್ಲ. ಪೊಲೀಸು ಯಾಕಪ್ಪ ಸುಮ್ಮನೆ ಕೊಲ್ತಾನೆ ಅಂತ ಕೇಳ್ತಾರೆ. ಈ ಪ್ರಶ್ನೆಯನ್ನ ನೀನು ಎಷ್ಟು ಸಲ ಕೇಳಿಸಿಕೊಂಡಿದ್ದೀಯ?

ಹಾಗಂತ ಹೈಮ್ಸನನ್ನ ತಲೆ ಮೇಲೆ ಹೊತ್ತು ಮೆರೆಸೋಕೆ ನಾನು ತಯಾರಿಲ್ಲ. ಮೊದಲ ಪುಸ್ತಕಗಳಲ್ಲಿ ಆ ಇಬ್ಬರ ಏಟುಗಳನ್ನ ಬರೆಯೋವಾಗ ಅವನಿಗೆ ಖುಷಿಯಾಗಿದೆ. ಓದುವಾಗ ನನಗೂ ಆಯ್ತು, ಆಮೇಲೆ ನಾಚಿಕೆಯಾಯ್ತು. ಠಾಣೆಯಲ್ಲಿ ಇಮಾಬೆಲ್ಲಳ ಕೆನ್ನೆಗೆ ಗ್ರೇವ್ ಡಿಗರ್ ಬಾರಿಸೋದನ್ನ ಯಾವ ಬಂಡಾಯದ ಹೆಸರಿನಲ್ಲೂ ಸಮರ್ಥಿಸೋಕಾಗೋದಿಲ್ಲ. ಅವನ ಹೆಂಗಸರು ಬಹುಪಾಲು ಮೈಯಷ್ಟೇ, ಅವರಿಗೆ ಒಂದು ಮಧ್ಯಾಹ್ನದ ದಣಿವೂ ಇಲ್ಲ. ಹಾರ್ಲೆಮ್ಮಿನ ಕಟ್ಟಡಗಳ ಮೆಟ್ಟಿಲು ತೊಳೆದವರು, ಬಿಳಿಯರ ಮಕ್ಕಳನ್ನ ಸಾಕಿದವರು ಆ ಹೆಂಗಸರೇ ಅಲ್ಲವೆ? ಗಂಡು ಗಂಡನ್ನ ಪ್ರೀತಿಸೋರ ಬಗ್ಗೆ ಅವನು ಮಾಡೋ ಲೇವಡಿಯೂ ಕೆಟ್ಟದ್ದೇ. ಇನ್ನೊಂದು ಗುಮಾನಿ. ಪ್ಯಾರಿಸ್ಸಿನ ಬಿಳಿಯ ಓದುಗ ಆರಾಮ ಕುರ್ಚಿಯಲ್ಲಿ ಕೂತು ಹಾರ್ಲೆಮ್ಮಿನ ಚೂರಿ-ಚಾಕು ಓದಿ ಚಪ್ಪರಿಸಿದಾಗ ಅವನು ನಕ್ಕದ್ದು ಯಾರನ್ನ ನೋಡಿ? ತಾನು ಬರೆದದ್ದು ನಿಜವಾದ ಹಾರ್ಲೆಮ್ ಅಲ್ಲ ಅಂತ ಹೈಮ್ಸ್ ತಾನೇ ಒಪ್ಪಿಕೊಂಡಿದ್ದಾನೆ. ನಮ್ಮ ಕೇರಿಯ ಕಥೆ ಬೇರೆಯವರ ಪಡಸಾಲೆಯಲ್ಲಿ ಮನರಂಜನೆ ಆಗೋ ಅಪಾಯ ನಮ್ಮಲ್ಲಿ ಬರೆಯೋರಿಗೂ ಗೊತ್ತಿರಬೇಕಾದ್ದು.

ಆದರೆ ಮೇಷ್ಟ್ರೇ, ಈ ತಪ್ಪುಗಳನ್ನ ಎಣಿಸಿ ಪುಸ್ತಕ ಮುಚ್ಚಿದರೆ 1969ರ ‘ಬ್ಲೈಂಡ್ ಮ್ಯಾನ್ ವಿತ್ ಎ ಪಿಸ್ಟಲ್’ ನಿಮ್ಮ ಕೈ ತಪ್ಪಿಹೋಗ್ತದೆ. ಅಷ್ಟು ಹೊತ್ತಿಗೆ ಅಮೆರಿಕದ ನಗರಗಳು ಉರಿದಿದ್ದವು. 1964ರ ಜುಲೈನಲ್ಲಿ ಹದಿನೈದು ವರ್ಷದ ಜೇಮ್ಸ್ ಪವೆಲ್ ಎಂಬ ಕಪ್ಪು ಹುಡುಗನನ್ನ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬ ಗುಂಡಿಟ್ಟು ಕೊಂದ. ಹಾರ್ಲೆಮ್ ಸಿಡಿಯಿತು. ಆ ಅಧಿಕಾರಿಯ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿ, ಅದರ ಹುಡುಗರು ಬಂದೂಕು, ಕಾನೂನಿನ ಪುಸ್ತಕ ಎರಡನ್ನೂ ಹಿಡಿದು ಪೊಲೀಸರ ಗಾಡಿಗಳನ್ನೇ ಹಿಂಬಾಲಿಸಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ್ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಇವರಿಂದಲೇ. ಪತ್ತೇದಾರನನ್ನೇ ಪತ್ತೆ ಹಚ್ಚೋ ಕಾಲ ಅದು.

ಆ ಕಾದಂಬರಿಯಲ್ಲಿ ಪತ್ತೇದಾರಿಕೆಯೇ ಮುರಿದು ಬೀಳ್ತದೆ. ಕೊಲೆಗಳಾಗ್ತವೆ, ಯಾವುದೂ ಬಗೆಹರಿಯೋದಿಲ್ಲ. ಎಳೆ ದೊಡ್ಡವರ ಕಡೆ ಹೋಗ್ತಿದ್ದ ಹಾಗೆ ಇಬ್ಬರನ್ನೂ ಆ ಕೇಸಿನಿಂದ ತೆಗೆದು, ಗಲಭೆ ಶುರು ಮಾಡಿದವನು ಯಾರು ಅದನ್ನ ಹುಡುಕಿ ಅಂತ ಕಳಿಸ್ತಾರೆ. ಅವರು ಹುಡುಕಿ ಬಂದು ಆಂಡರ್ಸನ್‌ಗೆ ಹೇಳೋ ಹೆಸರು ಲಿಂಕನ್. ಬಿಡುಗಡೆ ಮಾಡಿ ಅನ್ನ ಕಾಣಿಸದೆ ಹೋದವನು ಅಂತ. ಆ 1935ರ ವರದಿ ನೆನಪಿದೆಯಲ್ಲ? ಮೇಯರ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನೇ ಹೈಮ್ಸ್ ಬಸ್ ಸ್ಟ್ಯಾಂಡಿನ ಪುಸ್ತಕದಲ್ಲಿ ಒಂದು ಜೋಕು ಮಾಡಿ ಹೊರಗೆ ಹಾಕಿದ. ಕೊನೆಯ ಪುಟಗಳಲ್ಲಿ, ಕಾಣದಿದ್ದರೂ ಕಾಣೋ ಹಾಗೆ ನಟಿಸ್ತಾ ಬಂದ ಮುದುಕ ಕುರುಡನೊಬ್ಬ ಅವಮಾನ ತಾಳದೆ ಸುರಂಗ ರೈಲಿನಲ್ಲಿ ಪಿಸ್ತೂಲು ತೆಗೆದು ಸದ್ದು ಬಂದ ಕಡೆಗೆಲ್ಲ ಗುಂಡು ಹಾರಿಸ್ತಾನೆ. ಬಿಳಿಯ ಪೊಲೀಸರು ಅವನನ್ನ ಕೊಲ್ತಾರೆ. ಅದರಿಂದ ಇನ್ನೊಂದು ಗಲಭೆ. ಅದೇ ಹೊತ್ತಿನಲ್ಲಿ ಹಾರ್ಲೆಮ್ಮಿನ ಭಯಂಕರ ಪತ್ತೇದಾರರಿಬ್ಬರೂ 125ನೇ ಬೀದಿಯಲ್ಲಿ, ಕೆಡವುತ್ತಿರೋ ಮನೆಗಳಿಂದ ಓಡಿಬರೋ ಇಲಿಗಳಿಗೆ ಗುಂಡು ಹೊಡೀತಾ ನಿಂತಿದ್ದಾರೆ.

ನನ್ನ ಜೊತೆ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವನೊಬ್ಬ ಕಾನ್‌ಸ್ಟೇಬಲ್ ಆದ. ಒಂದು ಸಲ ನಮ್ಮ ಮೆರವಣಿಗೆಗೆ ಅವನನ್ನೇ ಬಂದೋಬಸ್ತಿಗೆ ಹಾಕಿದ್ದರು. ಲಾಠಿ ಚಾರ್ಜ್ ಆಯ್ತು. ರಾತ್ರಿ ಮಫ್ತಿಯಲ್ಲಿ ಮನೆಗೆ ಬಂದು ಬಾಗಿಲಲ್ಲೇ ನಿಂತ. ‘ನಿನಗೆ ಬಿತ್ತಾ?’ ಅಂದ. ಒಳಗೆ ಬಾ ಅಂದೆ. ಬರಲಿಲ್ಲ. ಶಿಬಿರದಲ್ಲಿ ನಾನು ತಡವರಿಸಿದ್ದು ಇವನ ಮುಖ ಕಣ್ಣಿಗೆ ಕಟ್ಟಿದ್ದರಿಂದ.

ಹೈಮ್ಸನಿಗೂ ಈ ಮುಖ ಬಿಟ್ಟಿರಲಿಲ್ಲ. ಕೊನೆಗೆ ‘ಪ್ಲಾನ್ ಬಿ’ ಅಂತ ಒಂದು ಕಾದಂಬರಿ ಶುರು ಮಾಡಿದ. ಅದರಲ್ಲಿ ಟಾಮ್ಸನ್ ಬ್ಲ್ಯಾಕ್ ಎಂಬುವನು ಹಾರ್ಲೆಮ್ಮಿನ ಬಡವರ ಮನೆಮನೆಗೆ ಗುಟ್ಟಾಗಿ ಬಂದೂಕು ಕಳಿಸ್ತಾನೆ. ಕಾಫಿನ್ ಎಡ್ ಅವನನ್ನ ತಡೀಬೇಕು ಅಂತಾನೆ. ಗ್ರೇವ್ ಡಿಗರ್ ತಡೀಬಾರದು ಅಂತಾನೆ. ಅಷ್ಟು ವರ್ಷ ಒಂದೇ ಕಾರಿನಲ್ಲಿ ಓಡಾಡಿದ ಗೆಳೆಯನನ್ನ ಗ್ರೇವ್ ಡಿಗರ್ ಗುಂಡಿಟ್ಟು ಕೊಲ್ತಾನೆ. ನಂಬಿಕೆಯಿಲ್ಲದ ಟಾಮ್ಸನ್ ಬ್ಲ್ಯಾಕ್ ಮರುಕ್ಷಣವೇ ಗ್ರೇವ್ ಡಿಗರ್‌ನನ್ನ ಕೊಲ್ತಾನೆ. ಹೈಮ್ಸ್ ಅದನ್ನ ಮುಗಿಸಲಿಲ್ಲ, ಕಾಗದಗಳನ್ನ ಹಾಗೇ ಎತ್ತಿಟ್ಟ. 1983ರಲ್ಲಿ ಅರ್ಧ ಕಾದಂಬರಿಯಾಗಿಯೇ ಫ್ರೆಂಚಿನಲ್ಲಿ ಬಂತು. 1984ರ ನವೆಂಬರಿನಲ್ಲಿ ಸ್ಪೇನಿನ ಮೊರೈರಾ ಎಂಬಲ್ಲಿ ಅವನು ತೀರಿಕೊಂಡ. ಸ್ವಂತ ಭಾಷೆ ಇಂಗ್ಲಿಷಿನಲ್ಲಿ ಅದು ಅಚ್ಚಾದದ್ದು 1993ರಲ್ಲಿ.